ಎಡಗಡೆಯ ಚಕ್ರ

ಕಾರನ್ನು ಕೊಳ್ಳುವವರು ಮರುದಿನ ಬೆಳಿಗ್ಗೆ ನೋಡಲು ಬರುವವರಿದ್ದರು. ಅದಕ್ಕೇ ದರ್ಜಿ ಅಂದು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಮನೆ ಮುಂದೆ ಹಳೆಯ ಚಾದರ ಹಾಸಿ, ಎಡಗಡೆಯ ಮುಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತ. ಬ್ರೇಕ್ ಒತ್ತಿದರೆ ಅಲ್ಲಿಂದ ಕಿರ್ರೆಂದು ಸದ್ದು ಬರುತ್ತಿತ್ತು. ಒಂದಿಷ್ಟು ಒರೆಸಿ ಉಜ್ಜಿದರೆ ಸುಮ್ಮನಾದೀತು ಎಂದುಕೊಂಡಿದ್ದ.

ಕಾರು ಓಡಿಸುತ್ತಿದ್ದವಳು ಹೆಂಡತಿ. ಅವಳು ನರ್ಸು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು ಬರುವ ಕೆಲಸ. ದಿನಕ್ಕೆ ಎಂಟು ಮನೆ, ಕಾರಿಲ್ಲದೆ ಆಗದ ಮಾತು. ದರ್ಜಿಯ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದುದರಿಂದ ಅವನಿಗೆ ಕಾರಿನ ಹಂಗಿರಲಿಲ್ಲ.

ಐದು ವಾರಗಳ ಹಿಂದೆ ಬ್ರೇಕ್ ಪ್ಯಾಡುಗಳು ಸವೆದಿದ್ದವು. ಮೊಬೈಲನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ನೋಡುತ್ತ, ಎರಡೂ ಕಡೆ ಅವನೇ ಹೊಸತು ಹಾಕಿದ್ದ. ಮರುದಿನವೇ ಹೆಂಡತಿ ಕಾರು ಕಿರುಚುತ್ತಿದೆ ಎಂದಳು. ಹೊಸ ಪ್ಯಾಡು, ಪಳಗಬೇಕು ಎಂದ. ವಾರ ಬಿಟ್ಟು, ಸರಿಯಾಗಿ ನಿಲ್ಲುತ್ತಲೂ ಇಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕ. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಗಿರಾಕಿಗಳ ಮುಂದೆ ಅವಳಿಗೆ ‘ಸೈರನ್’ ಎಂದು ಹೆಸರಿಟ್ಟ. ಕಾರು ಬೀದಿಯ ತಿರುವಿಗೆ ಬಂದರೆ ಸಾಕು, “ಬಂತು ಸೈರನ್, ಪಕ್ಕಕ್ಕೆ ಸರೀರಪ್ಪ” ಎನ್ನುತ್ತಿದ್ದ. ಹೆಸರು ಅಂಟಿಕೊಂಡಿತು. ಕೊನೆಗೆ ಅವಳ ಅಣ್ಣನ ಮಕ್ಕಳೂ ಅವಳನ್ನು ಸೈರನ್ ಅತ್ತೆ ಎಂದೇ ಕರೆಯತೊಡಗಿದರು.

ಎಂಟು ದಿನಗಳ ಹಿಂದೆ, ಇಳಿಜಾರಿನಲ್ಲಿ ಕಾರು ಒಂದು ಶಾಲಾ ವ್ಯಾನಿನ ಹಿಂದೆ ಗೇಣು ದೂರದಲ್ಲಿ ನಿಂತಿತು. ಮನೆಗೆ ಬಂದವಳು ಕೀಲಿಯನ್ನು ಮೊಳೆಗೆ ತಗುಲಿಹಾಕಿ, ಇನ್ನು ತಾನು ಓಡಿಸುವುದಿಲ್ಲ, ಕಾರು ಮಾರಿಬಿಡಿ ಎಂದಳು. ಮನೆಮನೆಗೆ ಹೋಗುವ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದು ಆಸ್ಪತ್ರೆಯಲ್ಲಿ ಅರ್ಜಿ ಬರೆದಳು. ತಿಂಗಳ ಕೊನೆಗೆ ಅದು ಬೇರೆಯವರ ಪಾಲಾಗುವುದರಲ್ಲಿತ್ತು. ದರ್ಜಿಗೆ ಅಯ್ಯೋ ಅನ್ನಿಸಿದ್ದು ನಿಜ. ನನ್ನ ಮಾತೇ ಸರಿಯಾಯಿತಲ್ಲ ಎಂಬ ಸಣ್ಣ ಸಮಾಧಾನ ಒಳಗೊಳಗೇ ಇದ್ದದ್ದೂ ಅಷ್ಟೇ ನಿಜ.

ಚಕ್ರ ಕಳಚಿದ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕಿನ ಹೊರಮುಖ ಕನ್ನಡಿಯ ಹಾಗೆ ನುಣ್ಣಗಿತ್ತು. ಅದರ ಹಿಂದೆ ಬೆರಳಾಡಿಸಿದಾಗ ಆಳವಾದ ಗೀರುಗಳು ತುದಿಗೆ ತಾಗಿ ಚರ್ಮ ತರಚಿತು. ಬೋಲ್ಟು ಬಿಚ್ಚಿ ಒಳಗಿನ ಪ್ಯಾಡನ್ನು ಹೊರಗೆಳೆದು ನೋಡಿದ.

ಪ್ಯಾಡಿಗೆ ಎರಡು ಮುಖ. ಡಿಸ್ಕನ್ನು ಒತ್ತಿ ಹಿಡಿಯಬೇಕಾದದ್ದು ಕಪ್ಪು ಪದರ. ಅದರ ಬೆನ್ನಿಗೆ ಬರೀ ಕಬ್ಬಿಣದ ತಗಡು. ಈಗ ಕಪ್ಪು ಪದರ ಅಂಗಡಿಯಿಂದ ತಂದಾಗ ಇದ್ದಷ್ಟೇ ದಪ್ಪಗಿತ್ತು. ಕಬ್ಬಿಣದ ಬೆನ್ನು ಸವೆದು ಪಳಪಳ ಹೊಳೆಯುತ್ತಿತ್ತು.

ಕಾರು ಓಡಿದಷ್ಟು ದಿನವೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತ್ತು. ಪ್ಯಾಡನ್ನು ತಿರುಗಿಸಿ ಕೂರಿಸಿದ್ದವನು ಅವನೇ. ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಎಂದು ಕಣ್ಣು ಮುಚ್ಚಿ ಬೆರಳಲ್ಲೇ ಹೇಳುವ ಮನುಷ್ಯ ಅವನು. ಇಪ್ಪತ್ತು ವರ್ಷದಲ್ಲಿ ಒಂದು ತೋಳನ್ನೂ ತಿರುಗುಮುರುಗಾಗಿ ಹೊಲಿದವನಲ್ಲ. ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದವನು ಅವನಾಗಿದ್ದ. ಆ ವ್ಯಾನು ಕಣ್ಣ ಮುಂದೆ ಬಂತು. ಪ್ಯಾಡು ಕೈಜಾರಿ ಚಾದರದ ಮೇಲೆ ಬಿತ್ತು.

ಜಗಲಿಯಲ್ಲಿ ಕೂತಿದ್ದ ಅಪ್ಪ ಎದ್ದು ಬಂದು ಅದನ್ನು ಎತ್ತಿ ನೋಡಿದರು. ಲೇತ್ ಮೆಷಿನ್ನಿನ ಮುಂದೆ ಜೀವಮಾನ ಕಳೆದವರು, ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಮೆಲ್ಲಗೆ ಹೇಳಿದರು.

“ಸರಿಯಾಗಿ ತಿರುಗಿಸಿ ಹಾಕ್ಬಿಡು. ಮಾಲೇ ಕಳಪೆ ಇತ್ತು ಅಂತ ಹೇಳು. ನಿಜ ಹೇಳಿದ್ರೆ ಅವಳ ಮುಂದೆ ಇನ್ಯಾವತ್ತೂ ತಲೆ ಎತ್ತೋಕಾಗಲ್ಲ.”

“ಅವಳು ಎಂಟು ದಿನದಿಂದ ಎತ್ತಿಲ್ಲವಲ್ಲಪ್ಪ.”

ಅಪ್ಪ ಪ್ಯಾಡನ್ನು ಚಾದರದ ಮೇಲೆ, ಹೊಳೆಯುವ ಬೆನ್ನು ಮೇಲಾಗಿ ಇಟ್ಟು ಒಳಗೆ ಹೋದರು.

ಸಂಜೆ ಹೆಂಡತಿ ಬಸ್ಸಿಳಿದು ನಡೆದು ಬಂದಾಗ ಚಕ್ರ ಇನ್ನೂ ಬಿಚ್ಚಿದಂತೆಯೇ ಇತ್ತು. ಅವನು ಪ್ಯಾಡನ್ನು ಅವಳ ಕೈಗಿಟ್ಟು, ಯಾವ ಮುಖ ಎಲ್ಲಿರಬೇಕಿತ್ತು, ತಾನು ಹೇಗೆ ಹಾಕಿದ್ದೆ ಎಂದು ಒಂದೂ ಬಿಡದೆ ಹೇಳಿದ. ತಪ್ಪಾಯಿತು ಎಂದೂ ಹೇಳಿದ. ಅವಳು ಬ್ಯಾಗನ್ನೂ ಇಳಿಸದೆ ಕಾರಿಗೆ ಒರಗಿ ನಿಂತಳು.

“ವ್ಯಾನಿನ ಹಿಂದಿನ ಸೀಟಲ್ಲಿ ಮಕ್ಕಳು ನನ್ನ ಕಡೆ ತಿರುಗಿ ಕೈ ಬೀಸ್ತಾ ಇದ್ರು,” ಎಂದಳು. “ನಾನು ಬ್ರೇಕ್ ಮೇಲೇ ನಿಂತಿದ್ದೆ ರೀ. ಆದ್ರೂ ನನ್ನ ಕಾಲಿಗೇ ಬುದ್ಧಿ ಇಲ್ಲ ಅಂದ್ಕೊಂಡೆ. ನೀವು ಅಷ್ಟು ಸಲ ಹೇಳಿದ್ರಲ್ಲ, ನಂಬಿಬಿಟ್ಟೆ.”

ಅವಳು ಪ್ಯಾಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊಳ್ಳುವವರಿಗೆ ಬರಬೇಡಿ ಎಂದು ಫೋನ್ ಮಾಡಿ ಎಂದಳು. ಇದನ್ನಿನ್ನು ನೀವು ಮುಟ್ಟಬೇಡಿ, ಮೆಕ್ಯಾನಿಕ್ಕು ಬರಲಿ ಎಂದಳು. ಮರುದಿನ ಮೆಕ್ಯಾನಿಕ್ಕು ಹೊಸ ಡಿಸ್ಕು ಕೂರಿಸುವಾಗ ಅವಳು ರಜೆ ಹಾಕಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಪ್ರತಿ ಪ್ಯಾಡಿನ ಮುಖವನ್ನೂ ಕೇಳಿ ತಿಳಿದುಕೊಂಡಳು. ಅದರ ಮರುದಿನ ಆಸ್ಪತ್ರೆಗೆ ಹೋಗಿ ಅರ್ಜಿಯನ್ನು ವಾಪಸು ಪಡೆದಳು. ಗಂಡನ ಜೊತೆ ಬೇಕಾದಷ್ಟೇ ಮಾತು. ಅವನೂ ಅದನ್ನು ತಪ್ಪೆನ್ನಲಿಲ್ಲ.

ವಾರವಾದ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಅಂಗಡಿಗೆ ಬಂದರು. ಅವರ ಜೊತೆ ಇನ್ನಿಬ್ಬರಿದ್ದರು.

“ಏನಯ್ಯ, ಈಚೆಗೆ ಸೈರನ್ ಸದ್ದೇ ಇಲ್ಲ?” ಎಂದು ಪೋಸ್ಟ್‌ಮಾಸ್ಟರರು ನಕ್ಕರು.

ದರ್ಜಿ ಕತ್ತರಿ ಕೆಳಗಿಟ್ಟ. ಗುಂಡಿಗಳ ಡಬ್ಬಿಯ ಪಕ್ಕದಿಂದ ಆ ಪ್ಯಾಡನ್ನು ತೆಗೆದು ಮೇಜಿನ ಮೇಲಿಟ್ಟ. ಸದ್ದು ಅವಳದಲ್ಲ, ನನ್ನ ಕೈಯದು ಎಂದು ಶುರುಮಾಡಿ ಪ್ಯಾಡನ್ನು ತಿರುಗಿಸಿ ಹಾಕಿದ್ದನ್ನು ಹೇಳಿದ. ಯಾರನ್ನು ನಗಿಸಿದ್ದನೋ ಅವರಿಗೆಲ್ಲ ಹೇಳುತ್ತ ಬಂದಿದ್ದ. ಹೆಂಡತಿಯ ಅಣ್ಣನ ಮನೆಗೂ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಹೇಳಿ ಬಂದಿದ್ದ. ಕೇಳುತ್ತಿದ್ದವರ ನಗು ಇಳಿಯಿತು. ಪೋಸ್ಟ್‌ಮಾಸ್ಟರರು ಕನ್ನಡಕ ತೆಗೆದು ಒರೆಸತೊಡಗಿದರು.

“ಅಷ್ಟೇ ನೋಡಿ ಸಾರ್. ತಪ್ಪು ನಂದು,” ಎಂದು ಅವನು ಮುಗಿಸಿದ.

“ಅಷ್ಟೇ ಅಲ್ಲ.”

ತಿರುಗಿ ನೋಡಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ಕೀಲಿಯಿತ್ತು. ಅವಳ ಹಿಂದೆ ಕಾರು ನಿಂತಿತ್ತು. ಅದು ಬಂದು ನಿಂತದ್ದು ಯಾರಿಗೂ ಕೇಳಿಸಿರಲಿಲ್ಲ.

“ವ್ಯಾನಿನ ಮಕ್ಕಳ ವಿಷಯಾನೂ ಹೇಳಿ,” ಎಂದಳು.

ಅವನು ಇನ್ನೊಂದು ಕುರ್ಚಿ ಎಳೆದು ಅವಳಿಗೆ ಹಾಕಿ, ಶಾಲಾ ವ್ಯಾನಿನ ವಿಷಯ ಹೇಳತೊಡಗಿದ.