ಅಳಿಸು ಎಂದವನು ನಾನೇ

ಹೇಗೆ ಶುರು ಮಾಡಲಿ? ಕಪ್ಪು ಪರದೆಯಿಂದಲೋ, ಅಮಾವಾಸ್ಯೆಯ ರಜೆಯೆಂದು ನಿಂತ ಮಗ್ಗದಿಂದಲೋ? ಎರಡನ್ನೂ ಬರೆದು ಹರಿದೆ. ಫೋನಿನಿಂದಲೇ ಶುರು ಮಾಡುತ್ತೇನೆ, ತಪ್ಪು ನಡೆದದ್ದು ಅಲ್ಲೇ.

೧. ಬನಹಟ್ಟಿಯಲ್ಲಿ ವೈಶಾಲಿ ಹಳೆಯ ಕಂಪ್ಯೂಟರಿಗೆ ಪೆನ್‌ಡ್ರೈವಿನಿಂದ ಮೊದಲ ಸಲ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದಾಳೆ. ಅದರ ಡಿಸ್ಕಿನಲ್ಲಿ ಅತ್ತೆ ತಾರವ್ವ ನಲವತ್ತು ವರ್ಷ ಬರೆದ ಸೀರೆಯಂಚಿನ ನಕ್ಷೆಗಳಿವೆ. ಕಾಗದದ ಮೂಲಗಳನ್ನು ಗೆದ್ದಲು ತಿಂದಿದೆ. ತಾರವ್ವನಿಗೆ ಈಗ ಕಣ್ಣು ಕಾಣುವುದಿಲ್ಲ. ಜಮಖಂಡಿಯಿಂದ ಫೋನಿನಲ್ಲಿ ದಾರಿ ಹೇಳುತ್ತಿರುವವನು ಈ ಕಥೆ ಬರೆಯುತ್ತಿರುವ ನಾನು. ನೋಡಿದ್ದು ಎರಡು ವಿಡಿಯೋ. ಅಲ್ಪವಿದ್ಯಾ ಮಹಾಗರ್ವಿ.

(ಕಾಪಿ ಯಾಕೆ ಇಟ್ಟಿಲ್ಲ ಎನ್ನುವ ಓದುಗರೇ, ನಿಮ್ಮ ಫೋನಿನ ಫೋಟೋಗಳ ಕಾಪಿ ಎಲ್ಲಿದೆ?)

೨. ಡಿಸ್ಕಿನಲ್ಲಿದ್ದ ಏನನ್ನೂ ಅಳಿಸದೆ, ಹಳೆಯ ಸಿಸ್ಟಮ್ಮಿನ ಪಕ್ಕದಲ್ಲೇ ಹೊಸದನ್ನು ಹಾಕಿದಳು. ಮುಗಿಯಿತೆಂದು ಬಂತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಮೊದಲಿನ ಪ್ರಶ್ನೆ: ಇನ್‌ಸ್ಟಾಲ್ ಮಾಡಲೇ? ಮೂರು ಸಲ ಹೀಗೇ ಆಯಿತು.

೩. "ಡಿಸ್ಕ್ ಪೂರಾ ಅಳಿಸಿ ಹಾಕಿಬಿಡವಾ" ಎಂದೆ.

(ಮೇಲಿನ ವಾಕ್ಯ ರದ್ದು. ಕರಡಿನಿಂದ ತೆಗೆದಿದ್ದೇನೆ.)

"ನೀವು ಹಾಳಿ ಮ್ಯಾಲಿಂದು ತಗದ್ರಿ ಸರ್. ನಾ ಕಿವಿಲೆ ಕೇಳೇನಿ. ಬಟ್ಟ ಅಳಸೂ ಬಟನ್ ಮ್ಯಾಲ ಐತಿ. ಒತ್ತಲ್ಯಾ?"

"ತಡಿ."

"ಕಥಿ ಬರ್ಯಾವರಿಗೆ ಇನ್ನೊಂದ ಹಾಳಿ ಇರತೈತಿ. ನಮ್ಮ ಅತ್ತಿಗೆ ಇಲ್ಲರಿ."

ನನಗೆ ನಿಜಕ್ಕೂ ಹೆದರಿಕೆಯಾಯಿತು.

೫. (ನಾಲ್ಕರಲ್ಲಿ ನನ್ನ ಜಾಣತನದ ವರ್ಣನೆ ಇತ್ತು.)

"ಮುಗದ ಮ್ಯಾಲ ಪೆನ್‌ಡ್ರೈವ್ ತಗದಿದ್ದಿ ಇಲ್ಲೋ?"

"ಇಲ್ಲರಿ. ಹೊಸಾ ಹಾಸು ಹಣಗಿ ದಾಟಿ ಬರೂತನಕ ಹಳೇ ಎಳಿ ಬಿಚ್ಚಬಾರದು. ಅತ್ತಿ ಕಲಿಸಿದ್ದು."

ನೇಕಾರರ ಮನೆಯಲ್ಲಿ ಹೊಸ ಹಾಸಿನ, ಅಂದರೆ ಉದ್ದನೂಲಿನ, ಎಳೆಗಳನ್ನು ಹಳೆಯದರ ತುದಿಗೇ ಗಂಟು ಹಾಕಿ ಹಣಿಗೆಯ ಹಲ್ಲುಗಳೊಳಗಿಂದ ಎಳೆದುಕೊಳ್ಳುತ್ತಾರೆ. ಮಗ್ಗಕ್ಕೆ ಅದು ಸರಿ. ಇಲ್ಲಿ ಕಂಪ್ಯೂಟರು ಪ್ರತಿ ಸಲ, ತೆಗೆಯದೆ ಬಿಟ್ಟ ಪೆನ್‌ಡ್ರೈವಿನಿಂದಲೇ ಎದ್ದು ಅದೇ ಪ್ರಶ್ನೆ ಕೇಳುತ್ತಿತ್ತು. ಅವಳು ಹಾಕಿದ್ದು ಸರಿಯಾಗಿಯೇ ಇತ್ತು. ಅಳಿಸುವ ಅಗತ್ಯವೇ ಇರಲಿಲ್ಲ.

"ಬಂದ್ ಮಾಡಿ ಅದನ್ನ ತಗಿ. ಮತ್ತ ಚಾಲೂ ಮಾಡು."

ಫೋನಿನಲ್ಲಿ ಕಂಪ್ಯೂಟರಿನ ಫ್ಯಾನು ತಿರುಗುವ ಸದ್ದು ಬಂತು.

ಅಂತ್ಯ ಒಂದು: ನಕ್ಷೆಗಳು ಒಂದೊಂದಾಗಿ ತೆರೆಯುತ್ತವೆ. ವೈಶಾಲಿ ಪ್ರತಿ ಅಂಚಿನ ಬಣ್ಣವನ್ನೂ ಅತ್ತೆಗೆ ಓದಿ ಹೇಳುತ್ತಾಳೆ.

ಅಂತ್ಯ ಎರಡು: ನಾನು "ತಡಿ" ಎನ್ನುವ ಮೊದಲೇ ಅವಳ ಬೆರಳು ಇಳಿದಿತ್ತು.

"ವೈಶಾಲಿ, ಖರೆ ಹೇಳು. ಒತ್ತಿದ್ದಿ ಏನು?"

ಅವಳ ಉತ್ತರಕ್ಕೆ ಮೊದಲೇ ಹಿಂದಿನಿಂದ ತಾರವ್ವನ ದನಿ ಕೇಳಿಸಿತು: "ಯವ್ವಾ, ನನ್ನ ಅಂಚು ಕಾಣಾಕತ್ತಾವೇನ?"

ಕಥೆಗೆ ಒಂದೇ ಅಂತ್ಯ ಸಾಕು, ಇನ್ನೊಂದನ್ನು ಅಳಿಸಬೇಕು. ಆ ಕೆಲಸ ನನ್ನಿಂದ ಇನ್ನು ಆಗುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲೇ ಬಿಟ್ಟು, ಫೋನನ್ನು ಕಿವಿಗೊತ್ತಿ ಹಿಡಿದಿದ್ದೇನೆ.