ಹೀರೋನ ಬೂಟು

"ಲೇ ಮುದ್ಕಾ, ಅತ್ತಿದ್ದು ಸಾಕು, ಮೊದ್ಲು ಬೂಟು ಬಿಚ್ಲಾ! ಇರಾದು ಒಂದೇ ಜೊತೆ. ನಾಳೆ ಈರೋ ಏನ್ ನಿನ್ ಎಕ್ಡ ಮೆಟ್ಕಂಡು ಫೈಟ್ ಮಾಡಾನಾ?"

ಸಿನಿಮಾದ ಮ್ಯಾನೇಜರ್ ಧರ್ಮೇಂದ್ರ ತೆಪ್ಪದ ಮಾಯಣ್ಣನ ಮೇಲೆ ಕೂಗುತ್ತಿದ್ದ. ಮಾಯಣ್ಣನ ಮಗ ಸಿದ್ದರಾಮು ಮರಳಿನ ಮೇಲೆ ಹೆಣವಾಗಿ ಮಲಗಿದ್ದ. ಆಗಷ್ಟೇ ಹೊಳೆಯಿಂದ ಎತ್ತಿದ್ದರು. ಹೀರೋನ ಬದಲು ಬಂಡೆಯಿಂದ ಹಾರಲು ಅವನಿಗೆ ಹೀರೋನ ಅಂಗಿ, ಬೂಟು ತೊಡಿಸಿದ್ದರು. ಹಾರಿದವನು ಮೇಲೇಳಲಿಲ್ಲ. ಶಾಟ್ ಚೆನ್ನಾಗಿ ಬಂತೆಂದು ಎಲ್ಲರೂ ಚಪ್ಪಾಳೆ ತಟ್ಟಿ, ಆಮೇಲೆ ಹುಡುಕಿದ್ದರು.

ಪಾಲಹಳ್ಳಿಯ ಆಚೆ, ಕಾವೇರಿಯ ನಡುವಿನ ಆ ಕುರುಚಲು ನಡುಗಡ್ಡೆ ಸಿನಿಮಾದಲ್ಲಿ ಸಮುದ್ರದಾಚೆಯ ಯಾವುದೋ ದ್ವೀಪ. ದಡದ ಕಬ್ಬಿನ ಗದ್ದೆ ಕಾಣದಂತೆ ಕ್ಯಾಮೆರಾ ಇಟ್ಟಿದ್ದರು. ಅಲ್ಲಿಗೆ ಹೋಗಿಬರಲು ಮಾಯಣ್ಣನ ತೆಪ್ಪ ಒಂದೇ.

ಮಾಯಣ್ಣ ಬೂಟಿಗೆ ಕೈ ಹಾಕಿದ. ಗಂಟು ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು.

ಬೆಳಿಗ್ಗೆ ಬೂಟು ದೊಡ್ಡದಾಯಿತೆಂದು ಮಗ ನಗುತ್ತ ಕಾಲು ಚಾಚಿದ್ದ. "ನೀರಲ್ಲಿ ಕಳ್ಚೋದ್ರೆ ಉಗೀತಾರೆ ಕಣಪ್ಪೋ. ಬಿಗ್ಯಾಗ್ ಕಟ್ಟು." ಜನ್ಮದಲ್ಲಿ ಬೂಟು ಹಾಕಿರದ ಮಾಯಣ್ಣ ತನಗೆ ಗೊತ್ತಿದ್ದ, ತೆಪ್ಪ ಕಟ್ಟುವ ಗಂಟನ್ನೇ ಹಾಕಿದ್ದ. ನೆನೆದಷ್ಟೂ ಬಿಗಿಯುವ ಗಂಟು. ಮಗನ ಕೈ ನೋಡಿದ. ನೀರು ತುಂಬಿದ ಬೂಟಿನ ಗಂಟು ಬಿಚ್ಚಲು ಎಳೆದಾಡಿ ಎರಡು ಉಗುರು ಕಿತ್ತುಹೋಗಿದ್ದವು.

ಧರ್ಮೇಂದ್ರ ಬಗ್ಗಿ ಪಿಸುಗುಟ್ಟಿದ. "ಪೊಲೀಸ್ನೋರು ನೋಡಾಕ್ ಮುಂಚೆ ಬಟ್ಟೆ ಬದ್ಲಾಯ್ಸು. ಕೇಳಿದ್ರೆ ಈಜಾಡಕ್ ಓಗಿದ್ದ ಅನ್ನು. ಅವ್ನು ಪಿಚ್ಚರ್‌ನಲ್ಲೇ ಇರ್ನಿಲ್ಲ, ತಿಳೀತಾ?"

"ಅಂಗಾರೆ ಬಂಡೆ ಮ್ಯಾಲಿಂದ ಆರಿದ್ದು ಯಾರು ಸ್ವಾಮಿ?"

"ಈರೋ ಕಣ್ಲಾ, ನನ್ಮಗ್ನೆ!"

ಮಾಯಣ್ಣ ಎದ್ದ. ಮಗನನ್ನು ತೋಳಿನಲ್ಲಿ ಎತ್ತಿ ತೆಪ್ಪದಲ್ಲಿ ಮಲಗಿಸಿದ.

"ಎಲ್ಲಿಗ್ಲಾ? ಮೊದ್ಲು ಲೈಟು ಸಾಗ್ಸು! ಬೂಟು, ಬೂಟು!"

"ಟೇಸನ್‌ಗೆ. ಇದ್ದಂಗೇ ತೋರಿಸ್ತೀನಿ. ಗಂಟು ಆಕಿದ್ದು ನಾನು, ಅದ್ನೂ ಏಳ್ತೀನಿ. ಬೂಟು ತೊಡ್ಸಿದ್ದು ಯಾರು ಅಂತ್ಲೂ ಏಳ್ತೀನಿ."

"ನಾವ್ ಎಂಗ್ಲಾ ಬರಾದು, ಬೋಳಿಮಗ್ನೆ?"

"ಈರೋನ್ ಕೇಳಿ. ಆರ್ತಾನಲ್ಲ."

ಬೈಗುಳ ನೀರಿನ ಮೇಲೆ ಸ್ವಲ್ಪ ದೂರ ಬೆನ್ನಟ್ಟಿ ಬಂದು ನಿಂತಿತು. ನಡುಹೊಳೆಯಲ್ಲಿ ಇಬ್ಬರೇ. ದಿನವೂ ಎದುರು ಕೂತು ಹರಟುತ್ತಿದ್ದ ಮಗ ಇವತ್ತು ಕಾಲ ಬಳಿ ಮಲಗಿದ್ದ. ಮಾಯಣ್ಣ ಹುಟ್ಟು ಒಳಗಿಟ್ಟು ಬೊಗಸೆ ನೀರು ತೆಗೆದ. ಅಷ್ಟು ಹೊಳೆನೀರು ಕುಡಿದ ಮಗನ ಬಾಯಿಗೆ ಮತ್ತೆ ಬಿಡಲು ಮನಸ್ಸಾಗದೆ ಹಣೆಗೆ ಹಚ್ಚಿದ.

"ಅವ್ವಾ, ಕಾವೇರವ್ವಾ, ಬೈಯಾದಾದ್ರೆ ನನ್ನ ಬೈಯಿ. ಇವನ್ಗೆ ಶಾಂತಿ ಕೊಡು. ಕೂಸು ದಣ್ಕಂಡದೆ ಕಣವ್ವ, ನೆಮ್ಮದಿಯಾಗ್ ಮನಗ್ಸ್ಕೊ."