ಒಣ ಬ್ಲೇಡಿನ ಗುರುತು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಆಡಿದ ಮಾತು, ಅದರಲ್ಲೂ ಮೈಕೂದಲಿನ ವಿಷಯ, ನಾಲ್ಕು ಜನರ ಮುಂದೆ ಇಡುವಂಥದ್ದೇ ಎಂಬ ಅಳುಕು ಇದ್ದೇ ಇದೆ. ಹೇಳುವುದರಲ್ಲಿ ಎಲ್ಲಾದರೂ ಎಡವಿದರೆ ಆ ತಪ್ಪು ಹೇಳಿದವರದು, ಅವರಿಬ್ಬರದಲ್ಲ.

ಬ್ಯೂಟಿ ಪಾರ್ಲರಿನಾಕೆ ತನ್ನ ಗಂಡನ ಎದೆಯ ಮೇಲೆ ಅದನ್ನು ನೋಡಿದ್ದು ಆಕಸ್ಮಿಕವಾಗಿ. ಬಚ್ಚಲುಮನೆಯ ಚಿಲಕ ಸಡಿಲ. ಒಣಗಿದ ಟವೆಲು ಕೊಡಲೆಂದು ಬಾಗಿಲು ತಳ್ಳಿದಾಗ ಅವನು ಬನಿಯನು ಹಾಕಿಕೊಳ್ಳುತ್ತಿದ್ದ. ಎಡಗಡೆ, ಭುಜದ ಮೂಳೆಯ ಕೆಳಗೆ, ಅರ್ಧ ಅಂಗೈಯಷ್ಟು ಜಾಗ ನುಣ್ಣಗೆ ಬೋಳು. ಬೋಳಾದ ಕಡೆಯೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆ.

"ಏನ್ರೀ ಅದು?"

"ಯಾವುದು?" ಅವನು ಬನಿಯನನ್ನು ಸರಕ್ಕನೆ ಕೆಳಗೆಳೆದುಕೊಂಡ. "ಅದಾ? ಬೆವರುಗುಳ್ಳೆ. ದಿನವಿಡೀ ಇಂಜಿನ್ ಪಕ್ಕ ಕೂತವನ ಮೈಮೇಲೆ ಮಲ್ಲಿಗೆ ಅರಳುತ್ತಾ?"

ಅವನು ಸಿಟಿ ಬಸ್ಸಿನ ಡ್ರೈವರು. ಮಾತಿಗೆ ಮಾತು ಜೋಡಿಸುವುದರಲ್ಲಿ ಗಟ್ಟಿಗ. ಅವಳು ಟವೆಲು ಕೊಟ್ಟು ಸುಮ್ಮನೆ ಬಂದಳು. ಬಾಯಿ ಸುಮ್ಮನಾಯಿತೇ ಹೊರತು ತಲೆ ಸುಮ್ಮನಾಗಲಿಲ್ಲ. ಕಂಡವರ ಕೈಕಾಲಿನ ಕೂದಲು ತೆಗೆದೇ ಸಂಸಾರ ನಡೆಸಿದವಳು ಅವಳು. ಬೆವರುಗುಳ್ಳೆ ಕೂದಲು ಬೋಳಿಸುತ್ತದೆಯೇ? ಅದು ಹೋಗಲಿ, ಬೆವರುಗುಳ್ಳೆ ಎಲ್ಲೆಂದರಲ್ಲಿ ಏಳುತ್ತದೆ. ಇವು ಒಂದೊಂದೂ ಕೂದಲಿನ ಬುಡದಲ್ಲೇ ಎದ್ದಿದ್ದವು. ನೀರು ಮುಟ್ಟಿಸದೆ, ನೊರೆ ಹಚ್ಚದೆ, ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಬ್ಲೇಡು ಎಳೆದರೆ ಏಳುವ ಗುಳ್ಳೆ ಅದು. ಅವನೇ ಮಾಡಿಕೊಂಡದ್ದೂ ಅಲ್ಲ. ಗಡ್ಡಕ್ಕೆ ಬಿಸಿನೀರು ಕಾಯಿಸದೆ ರೇಜರು ಮುಟ್ಟದ ಮನುಷ್ಯ.

ಅಂದರೆ ಇನ್ನೊಂದು ಕೈ. ಯಾರ ಕೈ?

ಅಂದೇ ಅವನ ಬಟ್ಟೆ ಒಗೆಯುವಾಗ ಹಳೆಯ ಬನಿಯನಿನ ಒಳಗೆ ಅಂಟು ಸಿಕ್ಕಿತು. ಸುತ್ತ ಕಪ್ಪು ಕೊಳೆ ಹಿಡಿದ ಅಂಟು. ಮೂಗಿನ ಹತ್ತಿರ ಹಿಡಿದರೆ ಸ್ಪಿರಿಟ್ಟಿನ ಘಾಟು. ಬ್ಲೇಡು ಸಾಲದೆಂದು ಕೂದಲು ಕೀಳುವ ವ್ಯಾಕ್ಸ್ ಬೇರೆ! ವ್ಯಾಕ್ಸ್ ಎಳೆದು ಸ್ಪಿರಿಟ್ಟಿನಲ್ಲಿ ಒರೆಸುವ ಅಗ್ಗದ ಅಂಗಡಿಗಳನ್ನು ಅವಳು ಕಂಡಿದ್ದಳು. ಸಕ್ಕರೆ ವ್ಯಾಕ್ಸ್ ಆದರೆ ಬಿಸಿನೀರಿಗೆ ಕರಗಬೇಕು. ಇದು ಕರಗಲಿಲ್ಲ, ಬೆರಳಿನಡಿ ಉಂಡೆಯಾಗಿ ಉರುಳಿತು. ಆ ಉಂಡೆ ಅವಳಿಗೆ ಏನೋ ಹೇಳುತ್ತಿತ್ತು. ಅನುಮಾನ ಹೊಕ್ಕವರಿಗೆ ಅದೆಲ್ಲ ಎಲ್ಲಿ ಕೇಳಿಸುತ್ತದೆ? 'ಯಾವುದೋ ಹೊಸ ದುಬಾರಿ ವ್ಯಾಕ್ಸ್ ಇರಬೇಕು. ನನಗೆ ಮಾತ್ರ ಹಬ್ಬಕ್ಕೊಂದು ಸೀರೆಗೂ ಲೆಕ್ಕ ಕೇಳ್ತಾರೆ' ಎಂದುಕೊಂಡು ಬನಿಯನನ್ನು ಕಲ್ಲಿಗೆ ಬಡಿದಳು.

ಪಾರ್ಲರಿನಲ್ಲಿ ಅವಳ ಜೊತೆ ಕೆಲಸ ಮಾಡುವ ಗುಂಗುರುಕೂದಲಿನವಳನ್ನು ಎಲ್ಲರೂ ಗುಂಗುರು ಎಂದೇ ಕರೆಯುತ್ತಿದ್ದರು. ಗಿರಾಕಿ ಎದ್ದು ಹೋದ ಮೇಲೆ ಅವಳೊಡನೆ ಹೊಟ್ಟೆಯಲ್ಲಿದ್ದದ್ದನ್ನು ತೋಡಿಕೊಂಡಳು.

"ಅಕ್ಕಾ, ನಿಮ್ಮ ಯಜಮಾನರಾ?" ಗುಂಗುರು ಬಾಯಿಗೆ ಕೈ ಅಡ್ಡ ಇಟ್ಟಳು. "ಹೊಟ್ಟೆ ಬಿಟ್ಕೊಂಡು ಸ್ಟೇರಿಂಗಿಗೆ ಆನಿಸ್ಕೊಂಡು ಕೂರ್ತಾರಲ್ಲ, ಅವರ ಎದೆ ಯಾರಿಗೆ ಬೇಕು?"

"ನಗಬೇಡ ಕಣೇ. ಎದುರು ಬೀದೀಲಿ ಹೊಸದಾಗಿ ತೆರೆದಿದ್ದಾಳಲ್ಲ, ಗಂಡಸರಿಗೂ ಮಾಡ್ತೀವಿ ಅಂತ ಬೋರ್ಡು ಹಾಕ್ಕೊಂಡು?"

"ಅವಳೇ ಅಂತೀರಾ?"

"ಯಾರೇ ಆಗಲಿ, ಕೆಲಸ ಬರಲ್ಲ ಅವಳಿಗೆ. ಒಣ ಚರ್ಮದ ಮೇಲೆ ಬ್ಲೇಡು ಎಳೀತಾರೇನೇ? ಹಂದಿ ಚರ್ಮಾನೂ ಬೋಳಿಸೋ ಮೊದಲು ನೆನೆಸ್ತಾರೆ!"

ಗುಂಗುರು ಅವಳನ್ನೇ ನೋಡಿದಳು. "ಅಕ್ಕಾ, ನಿಮಗೆ ಸಿಟ್ಟು ಬಂದಿರೋದು ಯಾವುದಕ್ಕೆ? ಅವರು ಹೋಗಿದ್ದಕ್ಕೋ, ಕೆಲಸ ಕೆಟ್ಟಿದ್ದಕ್ಕೋ?"

ಅವಳು ಡಿಪೋಗೆ ಫೋನು ಹಚ್ಚಿದಳು. ಅವನ ಜೊತೆಯ ಕಂಡಕ್ಟರು ಎತ್ತಿಕೊಂಡ. "ಅವರಾ? ರಜೆ ಹಾಕಿದ್ದಾರಲ್ಲ ಅತ್ತಿಗೆ. ಯಾಕೆ, ಮನೇಲಿ ಇಲ್ವಾ?"

ಅವಳು ಫೋನು ಇಟ್ಟಳು. ಹಾಗಾದರೆ ಮೊನ್ನೆ ರಾತ್ರಿ ಡ್ಯೂಟಿ, ಡಿಪೋದಲ್ಲೇ ಮಲಗ್ತೀನಿ ಅಂದದ್ದು? ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿಕೊಂಡು ಹೋಗುವುದು?

ಸಂಜೆ ಅವನು ಬಂದ. ಟೋಪಿ ತೆಗೆದು ಮೊಳೆಗೆ ನೇತುಹಾಕಿದ. ಅವಳು ಟೀ ತಂದಿಟ್ಟಳು.

"ರೋಡು ಹೇಗಿತ್ತು ಇವತ್ತು?"

"ಅಯ್ಯೋ, ಕೇಳಬೇಡ. ಸೇತುವೆ ಹತ್ತಿರ ಜಾಮು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಕೈ ಬಿದ್ದುಹೋಯ್ತು."

"ಪಾಪ. ಅಂಗಿ ಬಿಚ್ಚಿ."

"ಈಗಾ? ಯಾಕೆ?"

"ಬಿಚ್ಚಿ ಅಂದೆ."

ಅವಳ ದನಿಯಲ್ಲಿದ್ದದ್ದು ಅವನಿಗೆ ಅರ್ಥವಾಯಿತು. ಗುಂಡಿ ಒಂದೊಂದಾಗಿ ಬಿಚ್ಚಿದ. ಬೋಳು ಒಂದೇ ಕಡೆ ಇರಲಿಲ್ಲ. ಬಲಗಡೆ ಒಂದು, ಪಕ್ಕೆಯ ಮೇಲೊಂದು, ಹೊಟ್ಟೆಯ ಮೇಲುಗಡೆ ಇನ್ನೊಂದು. ನಡುವೆ ಕಾಡು ಹಾಗೇ ಇತ್ತು. ಎಲ್ಲ ತುಂಡುಗಳೂ ಕೆಂಪಗೆ ಉರಿಯುತ್ತಿದ್ದವು.

"ಯಾರವಳು?" ಅವಳು ಆ ಕೆಂಪಿನ ಕಡೆ ಬೆರಳು ತೋರಿಸಿದಳು. "ಯಾವ ಕೆಲಸ ಬರದವಳು ನಿಮ್ಮ ಮೈಯನ್ನ ಹೀಗೆ ಹಾಳು ಮಾಡಿದ್ದು?"

ಅವನು ಕಣ್ಣು ಕಣ್ಣು ಬಿಟ್ಟ. "ಅವಳಲ್ಲ ಮಾರಾಯ್ತಿ, ಅವನು. ದಪ್ಪ ಮೀಸೆಯವನು. ಕ್ಲಿನಿಕ್ಕಿನ ಅಟೆಂಡರು."

ನಗು ಬಂತು ಅವನಿಗೆ. ಆ ನಗು ಅರ್ಧಕ್ಕೇ ನಿಂತು, ಮುಖ ಸಣ್ಣದಾಯಿತು. ನಿಧಾನವಾಗಿ ಹೇಳಿದ. ಸಿಗ್ನಲ್ಲಿನಲ್ಲಿ ನಿಂತಾಗ ಎದೆಯೊಳಗೆ ಮೀನು ಒದ್ದಾಡಿದಂತಾಗಿತ್ತು, ಕಣ್ಣು ಕತ್ತಲೆ ಬಂದಿತ್ತು. ಬಸ್ಸು ಪಕ್ಕಕ್ಕೆ ಹಾಕಿದ. ಹಿಂದಿನವರು ಬಾಯಿಗೆ ಬಂದದ್ದು ಬೈದರು. ಕ್ಲಿನಿಕ್ಕಿನಲ್ಲಿ ಎದೆಗೆ ಅಂಟುಪಟ್ಟಿಗಳಿಂದ ತಂತಿಗಳನ್ನು ಅಂಟಿಸಿ, ಸೊಂಟಕ್ಕೆ ಡಬ್ಬಿ ಕಟ್ಟಿ ಒಂದು ದಿನ ಬಿಟ್ಟರು, ಎದೆ ಹೇಗೆ ಬಡಿಯುತ್ತದೆಂದು ನೋಡಲು. ತಂತಿ ಅವಳ ಕಣ್ಣಿಗೆ ಬೀಳಬಾರದೆಂದೇ ಆ ರಾತ್ರಿ ಡ್ಯೂಟಿಯ ನೆಪ ಹೇಳಿ ಹೊರಗೆ ಮಲಗಿದ್ದ. ಕೂದಲಿದ್ದರೆ ಅಂಟು ಹಿಡಿಯುವುದಿಲ್ಲವೆಂದು ಮೀಸೆಯವನು ಗರಗರ ಬೋಳಿಸಿ ಸ್ಪಿರಿಟ್ಟು ಸವರಿದ್ದ. ಉರಿ ತಡೆಯಲಾರದೆ ಕೆರೆದದ್ದರಿಂದ ಎರಡು ಪಟ್ಟಿ ಕಿತ್ತು ಬಂದವು. ಡಬ್ಬಿಯಲ್ಲಿ ಅರ್ಧಂಬರ್ಧ ದಾಖಲಾಗಿತ್ತು.

"ಮತ್ತೆ ಅಂಟಿಸಬೇಕಂತೆ. ಚರ್ಮ ಹೀಗೆ ಉರೀತಿದ್ರೆ ಆಗಲ್ಲ, ತಣ್ಣಗಾದ ಮೇಲೆ ಬಾ ಅಂದ್ರು. ಅಲ್ಲೀವರೆಗೆ ಸ್ಟೇರಿಂಗ್ ಮುಟ್ಟಬೇಡ ಅಂದ್ರು."

"ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ರಿ?"

ಅವನು ನೆಲ ನೋಡಿದ. "ಬೇರೆಯವರು ಓಡಿಸೋ ಬಸ್ಸಲ್ಲಿ ಟಿಕೆಟ್ ತಗೊಂಡು ಕೂತಿರ್ತಿದ್ದೆ."

ಅವಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು, ತಣ್ಣೀರಿನ ಬಟ್ಟೆ ಹಿಂಡಿ ತಂದು ಎದೆಯ ಮೇಲಿಟ್ಟಳು.

ಅಂದಿನಿಂದ ಆ ಎದೆ ಅವಳ ಕೈಗೆ ಬಂತು. ಸೋಪು ಬೇಡ, ಸೆಂಟಿನ ಪೌಡರು ಬೇಡ. ಉಜ್ಜಬೇಡಿ, ಒತ್ತಿ ಒರೆಸಿ. ಬಿಗಿ ಬನಿಯನು ಬಿಟ್ಟು ಸಡಿಲ ಹತ್ತಿ ಅಂಗಿ ಹಾಕಿ. ವಾಸನೆ ಬೆರೆಸದ ಲೋಳೆಸರದ ಜೆಲ್ಲನ್ನು ಬೆರಳ ತುದಿಯಲ್ಲಿ ಸವರುತ್ತಿದ್ದಳು. ಕೆಂಪು ಇಳಿಯಿತು. ಗುಳ್ಳೆಗಳು ಬಾಡಿದವು. ಇನ್ನೇನು ಕ್ಲಿನಿಕ್ಕಿಗೆ ಹೋಗಬಹುದು ಎನ್ನುವ ಬೆಳಿಗ್ಗೆ ಅಂಗಿ ಸರಿಸಿ ನೋಡಿದರೆ, ಉಗುರಿನ ಹಸಿ ಗೀರು.

"ಇದೇನ್ರೀ?"

"ನಿದ್ದೇಲಿ ಕೆರ್ಕೊಂಡಿರಬೇಕು."

ಇರಬಹುದು. ವಾಸಿಯಾಗುವ ಗುಳ್ಳೆ ನವೆ ಬರಿಸುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಗೀರು ಇದ್ದದ್ದು ಪಟ್ಟಿ ಅಂಟಿಸುವ ಜಾಗಗಳಲ್ಲೇ. ನಿದ್ದೆಗೂ ಇಷ್ಟು ಲೆಕ್ಕ ಗೊತ್ತಿರುತ್ತದೆಯೇ? ಡಬ್ಬಿ ಕೆಟ್ಟದ್ದು ಹೇಳಿದರೆ ಅವನನ್ನು ಸೀಟಿನಿಂದ ಇಳಿಸುತ್ತಾರೆ. ಚರ್ಮ ಆರದಿದ್ದರೆ ಡಬ್ಬಿ ಇಲ್ಲ. ಇಲ್ಲದ ಹೆಂಗಸಿನ ಮೇಲೆ ಪಟ್ಟ ಅನುಮಾನಕ್ಕಿಂತ ಈ ಅನುಮಾನ ಅವಳನ್ನು ಹೆಚ್ಚು ಹೆದರಿಸಿತು. ಆ ಹೆಂಗಸಾದರೂ ಅವನನ್ನು ಜೀವಂತ ಬಿಡುತ್ತಿದ್ದಳು.

ಅವಳು ಅವನ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡು ಉಗುರುಗಳನ್ನೆಲ್ಲ ಕತ್ತರಿಸಿದಳು. ಅವನು ಮಗುವಿನಂತೆ ಕೈ ಕೊಟ್ಟ, ಮುಖ ಮಾತ್ರ ಕೊಡಲಿಲ್ಲ. ಗೀರು ಆರುವವರೆಗೆ ಪಾರ್ಲರಿಗೆ ರಜೆ ಹೇಳಿ ಮನೆಯಲ್ಲೇ ಕಾವಲು ಕೂತಳು. "ಜೈಲಲ್ಲೂ ಹೊರಗೆ ಬಿಡ್ತಾರೆ ಕಣೇ" ಎಂದ. "ಹೊರಗೆ ಬಿಡ್ತೀನಿ, ಕೈ ಮಾತ್ರ ಇಲ್ಲಿಟ್ಟು ಹೋಗಿ" ಎಂದಳು.

ಕ್ಲಿನಿಕ್ಕಿಗೆ ಹೊರಡುವ ದಿನ ಬೆಳಿಗ್ಗೆ ಅವನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಎದೆಯ ಮೇಲಿಟ್ಟು, ಮತ್ತೆ ಚಿಗುರಿದ್ದ ಕೂದಲು ಮೆತ್ತಗಾಗುವವರೆಗೆ ಕಾದಳು. ಜೆಲ್ಲು ಸವರಿದಳು. ಹೊಸ ಬ್ಲೇಡು. ಕೂದಲು ಮಲಗಿದ ಕಡೆಗೇ, ಒತ್ತದೆ, ಎಳೆದಲ್ಲೇ ಮತ್ತೆ ಎಳೆಯದೆ. ಚರ್ಮ ಬಿಗಿಯಾಗಿರಲೆಂದು ಎಡಗೈಯನ್ನು ಎದೆಯ ಮೇಲೆ ಹರಡಿ ಇಟ್ಟಿದ್ದಳು. ಆ ಅಂಗೈಗೆ ಅದು ತಾಗಿತು. ಡಬ್, ಡಬ್, ಆಮೇಲೆ ಏನೂ ಇಲ್ಲ. ಆಮೇಲೆ ದೊಡ್ಡದೊಂದು, ಬಾಗಿಲು ಗುದ್ದಿದ ಹಾಗೆ.

ಬ್ಲೇಡು ನಿಂತಿತು.

"ಏನಾಯ್ತು?" ಎಂದ ಅವನು.

"ಏನಿಲ್ಲ. ಉಸಿರು ಹಿಡೀಬೇಡಿ, ಕೈ ಅಲುಗುತ್ತೆ."

ಈಗ ಮುಚ್ಚಿಡುವ ಸರದಿ ಅವಳದಾಯಿತು.

ಕ್ಲಿನಿಕ್ಕಿನಲ್ಲಿ ಮೀಸೆಯವನು ರೇಜರು ಹಿಡಿದು ಬಂದ. ಗಂಡನ ಎದೆ ಆಗಲೇ ನುಣ್ಣಗಿದ್ದದ್ದು ನೋಡಿ, ರೇಜರು ಜೇಬಿಗೆ ಹಾಕಿಕೊಂಡ. ಪಟ್ಟಿಗಳನ್ನು ಅಂಟಿಸಿದ. ಮರುದಿನದವರೆಗೆ ಒಂದೂ ಏಳಲಿಲ್ಲ, ಒಂದು ಗುಳ್ಳೆಯೂ ಬರಲಿಲ್ಲ. ಡಬ್ಬಿ ತನಗೆ ತಿಳಿದದ್ದನ್ನೆಲ್ಲ ಡಾಕ್ಟರಿಗೆ ಹೇಳಿತು. ಎದೆಬಡಿತ ತಾಳ ತಪ್ಪುತ್ತಿದೆ ಎಂದು ಮಾತ್ರೆ ಕೊಟ್ಟರು, ಮುಂದಿನ ತಪಾಸಣೆವರೆಗೆ ಬಸ್ಸು ಬೇಡ ಎಂದರು. ಡಿಪೋದವರು ಅವನನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದಾರೆ. ಬಸ್ಸು ಎಷ್ಟು ಹೊತ್ತಿಗೆ ಅಂತ ಯಾರಾದರೂ ಕೇಳಿದರೆ ಮುಖ ಗಂಟಿಕ್ಕಿಕೊಂಡೇ ಹೇಳುತ್ತಾನಂತೆ.

ಆ ಗೀರುಗಳನ್ನು ಅವನು ನಿದ್ದೆಯಲ್ಲಿ ಮಾಡಿಕೊಂಡನೋ ಎಚ್ಚರವಿದ್ದು ಮಾಡಿಕೊಂಡನೋ, ಅದು ಮಾತ್ರ ತಿಳಿಯಲಿಲ್ಲ. ಅವಳು ಕೇಳಲಿಲ್ಲ, ಅವನಾಗಿ ಹೇಳಲೂ ಇಲ್ಲ. ಅವನ ಉಗುರನ್ನು ಅವಳು ಈಗಲೂ ತಾನೇ ಕತ್ತರಿಸುತ್ತಾಳೆ.